ಕತ್ತರಿ ಪ್ರಯೋಗಾಲಯದ್ದು, ಬೀಜ ಯಾರದು?

ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು 2025ರ ಮೇ 4ರಂದು ನವದೆಹಲಿಯಲ್ಲಿ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಒಂದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ರೂಪಿಸಿದ 'ಡಿಆರ್‌ಆರ್ ಧಾನ್ 100', ಅಂದರೆ ಕಮಲಾ. ಇನ್ನೊಂದು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ಡಿಎಸ್‌ಟಿ ರೈಸ್ 1'. ಜೀನೋಮ್ ತಿದ್ದುಪಡಿಯಿಂದ ಹುಟ್ಟಿದ ಜಗತ್ತಿನ ಮೊದಲ ಭತ್ತದ ತಳಿಗಳಿವು ಎಂದು ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿತು. ಕಮಲಾ ಶೇ 19ರಷ್ಟು ಹೆಚ್ಚು ಇಳುವರಿ ಕೊಡುತ್ತದೆ, ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎಂಬುದು ಘೋಷಣೆ. ಪೂಸಾ ತಳಿಯು ಉಪ್ಪು ಮತ್ತು ಕ್ಷಾರ ಮಣ್ಣಿನಲ್ಲಿ ಶೇ 10ರಿಂದ 30ರವರೆಗೆ ಅಧಿಕ ಫಸಲು ನೀಡುತ್ತದೆ ಎಂಬುದು ಮತ್ತೊಂದು. ಶಿಫಾರಸಾದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ.

ಆ ಬಳಿಕ ನಡೆದ ಚರ್ಚೆ ನಿರೀಕ್ಷಿತ ಹಾದಿಯಲ್ಲೇ ಸಾಗಿತು. ಒಂದು ಬಣ ಇದನ್ನು ಎರಡನೆಯ ಹಸಿರು ಕ್ರಾಂತಿ ಎಂದಿತು. ಇನ್ನೊಂದು ಬಣ ಕುಲಾಂತರಿಯು ಹಿಂಬಾಗಿಲಿನಿಂದ ಒಳಬಂದಿದೆ ಎಂದಿತು. ಬಿಟಿ ಬದನೆಯ ಕಾಲದಿಂದಲೂ ಇದೇ ವಾದ, ಇದೇ ಪ್ರತಿವಾದ. ಈ ಗದ್ದಲದಲ್ಲಿ ಹೆಚ್ಚು ಮುಖ್ಯವಾದ ಒಂದು ಪ್ರಶ್ನೆ ಬದಿಗೆ ಸರಿಯಿತು. ಸಸ್ಯದ ವಂಶವಾಹಿ ಪಠ್ಯವನ್ನು ತಿದ್ದುವ ಶಕ್ತಿ ನಮಗೆ ಬಂದಿದೆ, ಸರಿ. ಆದರೆ ಆ ಪಠ್ಯ ಬರೆಯಲ್ಪಟ್ಟದ್ದು ಎಲ್ಲಿ, ಅದರ ಬೆಲೆಯುಳ್ಳ ಪುಟಗಳನ್ನು ಇಂದಿಗೂ ಉಳಿಸಿಕೊಂಡಿರುವವರು ಯಾರು?

ಮೊದಲು ಈ ತಿದ್ದುಪಡಿ ಎಂದರೇನು ಎಂಬುದನ್ನು ನೋಡೋಣ. ಕಮಲಾ ತಳಿಯ ಮೂಲ ಸಾಂಬಾ ಮಸೂರಿ, ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ರೈತರ ಬಾಯಲ್ಲಿ ಬಿಪಿಟಿ 5204. ಭತ್ತದ ಗಿಡದಲ್ಲಿ ಸೈಟೋಕೈನಿನ್ ಎಂಬ ಹಾರ್ಮೋನು ತೆನೆಯ ಕವಲು ಮತ್ತು ಕಾಳುಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಆ ಹಾರ್ಮೋನನ್ನು ಒಡೆದುಹಾಕುವ ಕಿಣ್ವದ ವಂಶವಾಹಿಗೆ ಜಿಎನ್1ಎ ಎಂದು ಹೆಸರು. ಕ್ರಿಸ್ಪರ್ ಎಂಬ ಅಣು ಕತ್ತರಿಯಿಂದ ವಿಜ್ಞಾನಿಗಳು ಈ ವಂಶವಾಹಿಯನ್ನು ಕೆಡಿಸಿದರು. ಹಾರ್ಮೋನು ಉಳಿಯಿತು, ಕಾಳು ಹೆಚ್ಚಿತು. ಪೂಸಾ ತಳಿಯ ಮೂಲ ಎಂಟಿಯು 1010. ಅದರಲ್ಲಿ ಕೆಡಿಸಲಾದ ವಂಶವಾಹಿ ಡಿಎಸ್‌ಟಿ. ಅದು ನಿಷ್ಕ್ರಿಯವಾದಾಗ ಎಲೆಯ ಪತ್ರರಂಧ್ರಗಳು ಹೆಚ್ಚು ಮುಚ್ಚಿಕೊಂಡು ನೀರಿನ ನಷ್ಟ ತಗ್ಗುತ್ತದೆ, ಬರ ಮತ್ತು ಉಪ್ಪನ್ನು ತಡೆಯುವ ಶಕ್ತಿ ಬರುತ್ತದೆ. ಬೇರೆ ಜೀವಿಯ ವಂಶವಾಹಿಯನ್ನು ಅಂತಿಮ ತಳಿಯೊಳಗೆ ಉಳಿಸಿಲ್ಲ. ಈ ಕಾರಣ ನೀಡಿಯೇ ಕೇಂದ್ರ ಪರಿಸರ ಸಚಿವಾಲಯವು 2022ರ ಮಾರ್ಚ್ 30ರ ಆದೇಶದಲ್ಲಿ ಇಂತಹ ತಿದ್ದುಪಡಿಗಳನ್ನು 1989ರ ಕುಲಾಂತರಿ ನಿಯಮಗಳ ಮುಖ್ಯ ಕಲಮುಗಳಿಂದ ಹೊರಗಿಟ್ಟಿತು.

ಎರಡೂ ತಳಿಗಳಲ್ಲಿ ಆಗಿರುವುದು ಒಂದೇ ಬಗೆಯ ಕೆಲಸ ಎಂಬುದನ್ನು ಗಮನಿಸಬೇಕು. ಬಂಡಿಯ ಬ್ರೇಕನ್ನು ಕಳಚಿದ್ದಾರೆ, ಹೊಸ ಎಂಜಿನನ್ನು ಕೂರಿಸಿಲ್ಲ. ಜಿಎನ್1ಎ ದುರ್ಬಲಗೊಂಡರೆ ಕಾಳು ಹೆಚ್ಚುತ್ತದೆ ಎಂಬ ಅರಿವು ಕೂಡ ಶೂನ್ಯದಿಂದ ಬಂದದ್ದಲ್ಲ. ಹೆಚ್ಚು ಕಾಳು ಕಟ್ಟುವ ಒಂದು ತಳಿಯನ್ನೂ ಕಡಿಮೆ ಕಾಳು ಕಟ್ಟುವ ಇನ್ನೊಂದನ್ನೂ ಸಂಕರಿಸಿ, ವ್ಯತ್ಯಾಸ ಎಲ್ಲಿದೆ ಎಂದು ಹುಡುಕಿದ ಜಪಾನಿನ ವಿಜ್ಞಾನಿಗಳು 2005ರಲ್ಲಿ ಇದನ್ನು ಕಂಡುಕೊಂಡರು. ನಿಸರ್ಗ ಹಾಗೂ ಬೇಸಾಯಗಾರರು ಸೇರಿ ಆಗಲೇ ಮಾಡಿಟ್ಟಿದ್ದ ಬದಲಾವಣೆಯನ್ನು ಕತ್ತರಿಯು ಈಗ ಮತ್ತೊಂದು ತಳಿಯಲ್ಲಿ ಅನುಕರಿಸಿದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಡಿಸುವುದರಿಂದ ದೊರೆಯುವ ಗುಣಗಳಿಗೆ ಮಿತಿ ಇದೆ. ಗಿಡವೊಂದು ಸಾವಿರಾರು ವರ್ಷ ಒಂದು ನೆಲದಲ್ಲಿ ಬದುಕಿ ಗಳಿಸಿಕೊಂಡ ಸಾಮರ್ಥ್ಯವನ್ನು ಬೇರೆ ಗಿಡದಲ್ಲಿ ಏನನ್ನೋ ಮುರಿದು ಪಡೆಯಲಾಗದು. ಇದಕ್ಕೆ ಒಡಿಶಾದ ಒಂದು ಭತ್ತಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಭತ್ತ ನೀರಿನ ಬೆಳೆ ಎಂಬುದು ಅರ್ಧಸತ್ಯ. ಬುಡಕ್ಕೆ ನೀರು ಬೇಕು, ತಲೆ ಮುಳುಗಬಾರದು. ಪೂರ್ತಿ ಮುಳುಗಿದ ಸಾಮಾನ್ಯ ಭತ್ತ ವಾರ ಕಳೆಯುವಷ್ಟರಲ್ಲಿ ಸೋಲತೊಡಗುತ್ತದೆ. ಅನಿಲಗಳು ಗಾಳಿಗಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತವೆ. ಹೀಗಾಗಿ ಗಿಡದಲ್ಲೇ ಹುಟ್ಟುವ ಎಥಿಲೀನ್ ಹೊರಹೋಗಲಾರದೆ ಒಳಗೇ ತುಂಬಿಕೊಳ್ಳುತ್ತದೆ. ಅದನ್ನು ಅಪಾಯದ ಸೂಚನೆಯೆಂದು ಓದಿಕೊಂಡ ಗಿಡ, ನೀರಿನ ಮೇಲೆ ತಲೆ ಎತ್ತಲು ಇದ್ದಬದ್ದ ಪಿಷ್ಟವನ್ನೆಲ್ಲ ಸುರಿದು ಉದ್ದವಾಗುತ್ತದೆ. ನೀರು ಇಳಿಯುವ ಹೊತ್ತಿಗೆ ಗಿಡದ ಕೈ ಬರಿದು. ನಿಲ್ಲಲಾರದೆ ಒರಗಿ ಕೊಳೆಯುತ್ತದೆ.

ಒಡಿಶಾದ ತಗ್ಗು ಪ್ರದೇಶಗಳಲ್ಲಿ ಧಲಪುಟಿಯಾ ಎಂಬ ನಾಟಿ ಭತ್ತವಿತ್ತು. ಅದು ಮುಳುಗಿದಾಗ ಬೆಳೆಯುವುದನ್ನೇ ನಿಲ್ಲಿಸಿ ಸುಮ್ಮನಿರುತ್ತಿತ್ತು. ಎರಡು ವಾರ ನೀರಿನಡಿ ಇದ್ದು, ನೀರು ಇಳಿದ ಮೇಲೆ ಮತ್ತೆ ಚಿಗುರುತ್ತಿತ್ತು. ಕಳೆದ ಶತಮಾನದ ಮಧ್ಯಭಾಗದಲ್ಲಿ ಅದರಿಂದ ಆಯ್ದ ಶುದ್ಧ ಸಾಲಿಗೆ ಎಫ್‌ಆರ್ 13ಎ ಎಂದು ಹೆಸರಿಡಲಾಯಿತು. ಎಫ್‌ಆರ್ ಎಂದರೆ ಪ್ರವಾಹ ನಿರೋಧಕ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಈ ಬೀಜ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಗೆ ಹೋಯಿತು, ಅಲ್ಲಿಂದ ಕ್ಯಾಲಿಫೋರ್ನಿಯಾದ ಪ್ರಯೋಗಾಲಯಗಳಿಗೂ ತಲುಪಿತು. ಕೆನಾಂಗ್ ಶು ಮತ್ತು ಡೇವಿಡ್ ಮ್ಯಾಕಿಲ್ 1996ರಲ್ಲಿ ಈ ಗುಣವು ಒಂಬತ್ತನೆಯ ವರ್ಣತಂತುವಿನಲ್ಲಿ ಇದೆ ಎಂದು ಗುರುತಿಸಿದರು. ಅವರಿಬ್ಬರೂ ಪಮೇಲಾ ರೊನಾಲ್ಡ್ ಅವರೂ ಇದ್ದ ತಂಡವು 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಂಶವಾಹಿಯ ಹೆಸರನ್ನೇ ಪ್ರಕಟಿಸಿತು. ಅದು ಸಬ್1ಎ.

ಈ ಕಥೆಯ ಸ್ವಾರಸ್ಯ ಇರುವುದು ಇಸವಿಗಳಲ್ಲಿ. ಅದರ ಹಿಂದಿನ ವರ್ಷ, 2005ರಲ್ಲಿ, ಭತ್ತದ ಸಂಪೂರ್ಣ ಜೀನೋಮ್ ಓದಿ ಮುಗಿಯಿತೆಂದು ಜಗತ್ತು ಸಂಭ್ರಮಿಸಿತ್ತು. ಹತ್ತು ದೇಶಗಳು ಸೇರಿ 38.9 ಕೋಟಿ ಅಕ್ಷರಗಳಷ್ಟು ಉದ್ದದ ಆ ಪಠ್ಯವನ್ನು ಬಿಡಿಸಿದ್ದವು. ಹನ್ನೊಂದನೆಯ ವರ್ಣತಂತುವಿನ ಒಂದು ಭಾಗವನ್ನು ಓದಿದ್ದು ಭಾರತದ ವಿಜ್ಞಾನಿಗಳೇ. ಆದರೆ ಆ 'ಸಂಪೂರ್ಣ' ಜೀನೋಮ್‌ನಲ್ಲಿ ಸಬ್1ಎ ಇರಲಿಲ್ಲ! ಓದಲು ಆರಿಸಿಕೊಂಡದ್ದು ನಿಪ್ಪೊನ್‌ಬಾರೆ ಎಂಬ ಜಪಾನಿ ತಳಿ. ಜಪೋನಿಕಾ ಗುಂಪಿನ ಭತ್ತಗಳಲ್ಲಿ ಈ ವಂಶವಾಹಿಯೇ ಇಲ್ಲ. ಇಂಡಿಕಾ ಗುಂಪಿನ ಕೆಲವು ತಳಿಗಳಲ್ಲಿಯೂ ಇಲ್ಲ. ಇನ್ನು ಕೆಲವದರಲ್ಲಿ ಇದ್ದರೂ ಮುಳುಗಡೆಯನ್ನು ತಾಳಿಕೊಳ್ಳುವ ರೂಪದಲ್ಲಿಲ್ಲ. ಒಡಿಶಾದ ಆ ಬೀಜ ಯಾರ ಕೈಯಲ್ಲೂ ಉಳಿಯದೆ ಹೋಗಿದ್ದರೆ, ನಿಪ್ಪೊನ್‌ಬಾರೆಯ ಕೋಟಿಗಟ್ಟಲೆ ಅಕ್ಷರಗಳನ್ನು ಎಷ್ಟು ಸಲ ತಿರುವಿಹಾಕಿದರೂ ಈ ಗುಣದ ಸುಳಿವು ಸಿಗುತ್ತಿರಲಿಲ್ಲ.

ಒಂದು ತಳಿಯ ಜೀನೋಮ್ ಎಂದರೆ ಆ ಜಾತಿಯ ಜೀನೋಮ್ ಅಲ್ಲ ಎಂಬ ಪಾಠ ವಿಜ್ಞಾನಿಗಳಿಗೂ ನಿಧಾನವಾಗಿಯೇ ಮನದಟ್ಟಾಯಿತು. ಬಳಿಕ 3,010 ಭತ್ತದ ತಳಿಗಳ ಜೀನೋಮ್‌ಗಳನ್ನು ಹೋಲಿಸಿ ನೋಡಿದ ಅಂತರರಾಷ್ಟ್ರೀಯ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದುವರೆಗೆ ದಾಖಲಾಗಿರದ ಹತ್ತು ಸಾವಿರಕ್ಕೂ ಅಧಿಕ ವಂಶವಾಹಿಗಳು ಅದರಲ್ಲಿ ಕಂಡುಬಂದವು. ಒಂದು ತಳಿಯಲ್ಲಿರುವುದು ಇನ್ನೊಂದರಲ್ಲಿ ಇಲ್ಲ. ಭತ್ತ ಎಂಬುದು ಒಂದು ಪುಸ್ತಕವಲ್ಲ, ಪಾಠಾಂತರಗಳೇ ತುಂಬಿದ ಹಸ್ತಪ್ರತಿಗಳ ಭಂಡಾರ. ಹಸ್ತಪ್ರತಿ ಸಂಪಾದನೆಯ ಪರಿಚಯವಿರುವ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಓಲೆಗರಿ ಗೆದ್ದಲಿಗೆ ಆಹಾರವಾದರೆ ಅದರಲ್ಲಷ್ಟೇ ಇದ್ದ ಪಾಠವೂ ಹೋದಂತೆಯೇ.

ಗಿಡಗಳು ಒಂದೇ ಆಪತ್ತಿಗೆ ಎಷ್ಟು ಭಿನ್ನವಾಗಿ ಹೊಂದಿಕೊಳ್ಳಬಲ್ಲವು ಎಂಬುದಕ್ಕೂ ಭತ್ತವೇ ಉದಾಹರಣೆ. ಬಾಂಗ್ಲಾದೇಶದ ಆಳನೀರಿನ ಭತ್ತ ಒಡಿಶಾದ ತಳಿಗೆ ನೇರ ವಿರುದ್ಧವಾದ ಹಾದಿ ಹಿಡಿದಿದೆ. ಅಲ್ಲಿ ನೀರು ಎರಡು ವಾರಕ್ಕೆ ಇಳಿಯುವುದಿಲ್ಲ, ತಿಂಗಳುಗಟ್ಟಲೆ ನಿಲ್ಲುತ್ತದೆ. ಸುಮ್ಮನೆ ಕಾದರೆ ಸಾವೇ ಗತಿ. ಆದ್ದರಿಂದ ಆ ಗಿಡ ಏರುವ ನೀರಿನೊಡನೆ ತಾನೂ ಏರುತ್ತದೆ, ದಿನಕ್ಕೆ 20–25 ಸೆಂಟಿಮೀಟರ್‌ವರೆಗೆ, ಒಟ್ಟು ಹಲವು ಮೀಟರ್. ಇದರ ಹಿಂದಿರುವ ಸ್ನಾರ್ಕೆಲ್ ಎಂಬ ಜೋಡಿ ವಂಶವಾಹಿಗಳನ್ನು ಜಪಾನಿನ ವಿಜ್ಞಾನಿಗಳು 2009ರಲ್ಲಿ ಪತ್ತೆ ಹಚ್ಚಿದರು. ಸಬ್1ಎ ಮತ್ತು ಸ್ನಾರ್ಕೆಲ್ ಒಂದೇ ಕುಟುಂಬಕ್ಕೆ ಸೇರಿದ ವಂಶವಾಹಿಗಳು, ಎರಡೂ ಎಥಿಲೀನ್‌ಗೆ ಓಗೊಡುತ್ತವೆ. ಒಂದು 'ತಡೆದುಕೋ' ಎನ್ನುತ್ತದೆ, ಇನ್ನೊಂದು 'ಏಳು' ಎನ್ನುತ್ತದೆ. 2018ರಲ್ಲಿ ಹೊರಬಿದ್ದ ಸಂಗತಿ ಇನ್ನೂ ವಿಚಿತ್ರವಾದುದು. ಈ ಏರಿಕೆಗೆ ಬೇಕಾದ ಜಿಬ್ಬರೆಲಿನ್ ಹಾರ್ಮೋನನ್ನು ಒದಗಿಸುವ ವಂಶವಾಹಿ ಎಸ್‌ಡಿ1. 1966ರಲ್ಲಿ ಬಂದ ಐಆರ್8 ತಳಿಯನ್ನು ಗಿಡ್ಡವಾಗಿಸಿ ಹಸಿರು ಕ್ರಾಂತಿಗೆ ಕಾರಣವಾದದ್ದು ಇದೇ ವಂಶವಾಹಿಯ ಕೆಟ್ಟ ರೂಪ. ಒಂದೆಡೆ ಕೆಟ್ಟು ಏಷ್ಯಾಕ್ಕೆ ಅನ್ನ ಕೊಟ್ಟ ವಂಶವಾಹಿ, ಇನ್ನೊಂದೆಡೆ ಚುರುಕಾಗಿ ನೆರೆಪೀಡಿತರ ಹೊಟ್ಟೆ ತುಂಬಿಸಿದೆ. ಒಂದು ವಂಶವಾಹಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಗದ್ದೆಯನ್ನು ಬಿಟ್ಟು ಉತ್ತರವಿಲ್ಲ.

ಸಬ್1ಎಯನ್ನು ಪೂರ್ವ ಭಾರತದಲ್ಲಿ ಜನಪ್ರಿಯವಾಗಿದ್ದ ಸ್ವರ್ಣ ತಳಿಗೆ ಸಾಮಾನ್ಯ ಸಂಕರಣದಿಂದಲೇ ತರಲಾಯಿತು. ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ಗುರುತುಗಳ ನೆರವಿನಿಂದ ಬೇಕಾದ ಸಸಿಯನ್ನಷ್ಟೇ ಆರಿಸಿದ್ದರಿಂದ ಕೆಲಸ ಬೇಗ ಮುಗಿಯಿತು. ಕುಲಾಂತರಿಯಲ್ಲ, ಕತ್ತರಿಯ ಬಳಕೆಯೂ ಇಲ್ಲ. ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಯಾರೂ ಮೆರವಣಿಗೆ ಹೊರಡಿಸಲಿಲ್ಲ, ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. ಸುದ್ದಿಮನೆಗಳ ಗಮನವೂ ಅದರತ್ತ ಅಷ್ಟಾಗಿ ಹರಿಯಲಿಲ್ಲ.

ಫಲಿತಾಂಶ ಮಾತ್ರ ಗಮನಾರ್ಹ. ಒಡಿಶಾದ 128 ಹಳ್ಳಿಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹತ್ತು ದಿನ ಮುಳುಗಿದ ಗದ್ದೆಯಲ್ಲಿ ಸ್ವರ್ಣ-ಸಬ್1 ಸ್ವರ್ಣಕ್ಕಿಂತ ಸುಮಾರು ಶೇ 45ರಷ್ಟು ಹೆಚ್ಚು ಇಳುವರಿ ಕೊಟ್ಟಿತು. ನೆರೆ ಬಾರದ ವರ್ಷದಲ್ಲಿ ನಷ್ಟವೂ ಇರಲಿಲ್ಲ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ನೆರೆಗೆ ತುತ್ತಾಗುವ ತಗ್ಗಿನ ಜಮೀನುಗಳು ಹೆಚ್ಚಾಗಿ ಇರುವುದು ಪರಿಶಿಷ್ಟ ಜಾತಿಯ ರೈತರ ಕೈಯಲ್ಲಿ. ಶತಮಾನಗಳ ಸಾಮಾಜಿಕ ಅನ್ಯಾಯ ಅವರನ್ನು ಕೆಟ್ಟ ನೆಲಕ್ಕೆ ತಳ್ಳಿತ್ತು. ಅಂತಹ ನೆಲದಲ್ಲೇ ರೂಪುಗೊಂಡ ಗುಣವೊಂದು ಈಗ ಅವರಿಗೆ ಎಲ್ಲರಿಗಿಂತ ಹೆಚ್ಚು ನೆರವಾಗುತ್ತಿತ್ತು. ಬೆಳೆ ಕೈಬಿಡದು ಎಂಬ ಧೈರ್ಯ ಬಂದ ರೈತರು ಗೊಬ್ಬರಕ್ಕೂ ಉತ್ತಮ ನಾಟಿ ಪದ್ಧತಿಗೂ ಹೆಚ್ಚು ಹಣ ಹಾಕಿದರೆಂದು 2016ರ ಮತ್ತೊಂದು ಅಧ್ಯಯನ ತೋರಿಸಿತು. ಹಾಗೆಂದು ಇದನ್ನು ಸಂಜೀವಿನಿ ಎನ್ನಲಾಗದು. ನೀರು ಅರ್ಧ ಎತ್ತರಕ್ಕೆ ಬಂದು ತಿಂಗಳುಗಟ್ಟಲೆ ನಿಂತರೆ, ಉದ್ದವಾಗಲು ಹಿಂಜರಿಯುವ ಈ ಗುಣವೇ ಮುಳುವಾಗಬಹುದು.

ಇಲ್ಲಿಂದ ನಮ್ಮ ರಾಜ್ಯದತ್ತ ನೋಡಿದರೆ ಒಡಿಶಾದ ಕಥೆಗೆ ತೀರ ಹತ್ತಿರವಾದ ಒಂದು ಭತ್ತ ನಮ್ಮಲ್ಲೂ ಇದೆ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಕಡಲು ಸೇರುವ ಅಳಿವೆಯ ಗಜನಿ ಗದ್ದೆಗಳಲ್ಲಿ, ಮಾಣಿಕಟ್ಟಾ ಸುತ್ತಮುತ್ತ, ಬೆಳೆಯುವ ಕಗ್ಗ. ಭರತದ ಉಪ್ಪುನೀರನ್ನೂ ಮಳೆಗಾಲದ ನೆರೆಯನ್ನೂ ಸಹಿಸುವ ಭತ್ತವಿದು. ಕೊಯ್ಲಿನ ನಂತರ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಇಳುವರಿ ಕಡಿಮೆ. ಸಿಗಡಿಯಲ್ಲಿ ಕಾಸು ಹೆಚ್ಚೆಂದು ಕಂಡಾಗ ಗಜನಿಗಳು ವರ್ಷಪೂರ್ತಿ ಸಿಗಡಿ ಕೊಳಗಳಾದವು, ಒಡ್ಡುಗಳ ದುರಸ್ತಿ ನಿಂತಿತು, ಕಗ್ಗದ ವಿಸ್ತಾರ ಕುಗ್ಗಿತು. ಲಾಭವಿಲ್ಲದ ಬೆಳೆಯನ್ನು ಬಿಟ್ಟ ರೈತನನ್ನು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ನಾಡಿನ ಸ್ವತ್ತನ್ನು ಕಾಯುವ ಕೆಲಸವನ್ನು ಸಂಬಳವಿಲ್ಲದೆ ಮಾಡು ಎಂದು ಅವನಿಗೆ ಹೇಳಲು ನಮಗೆ ಯಾವ ಹಕ್ಕಿದೆ?

ಬೀಜವನ್ನು ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನ ಶೈತ್ಯಾಗಾರದಲ್ಲಿಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಇಡಲೇಬೇಕು, ಆದರೆ ಅಷ್ಟೇ ಸಾಲದು. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಬೀಜ ಬದುಕಿರುತ್ತದೆ, ಕಲಿಯುವುದಿಲ್ಲ. ಕಡಲ ಮಟ್ಟ ಏರುತ್ತಿದೆ, ಮಳೆಯ ಕ್ರಮ ತಪ್ಪುತ್ತಿದೆ. ಗಜನಿಯ ಮಣ್ಣಿನಲ್ಲಿ ಪ್ರತಿ ವರ್ಷ ಬಿತ್ತಿ ಆರಿಸಿದ ಬೀಜ ಆ ಬದಲಾವಣೆಯನ್ನು ಸಾಲಿನಿಂದ ಸಾಲಿಗೆ ಎದುರಿಸುತ್ತ ಬರುತ್ತದೆ. ಶೈತ್ಯಾಗಾರದಲ್ಲಿರುವುದು ಅಲ್ಲಿಗೆ ಸೇರಿದ ವರ್ಷದಲ್ಲೇ ನಿಂತುಬಿಟ್ಟಿರುತ್ತದೆ.

ಆದರೆ 'ನಮ್ಮ ಬೀಜ ನಮ್ಮದೇ' ಎಂಬ ಘೋಷಣೆಗೆ ಇಲ್ಲೊಂದು ತಡೆ ಹಾಕಲೇಬೇಕು. ಕರ್ನಾಟಕದ ಹೆಮ್ಮೆಯ ರಾಗಿ ಮೂಲತಃ ಪೂರ್ವ ಆಫ್ರಿಕದ ಎತ್ತರದ ನಾಡಿನದು. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮದಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ 'ರಾಗಿ ಲಕ್ಷ್ಮಣಯ್ಯ' ಇಂಡಾಫ್ ತಳಿಗಳನ್ನು ರೂಪಿಸಿದ್ದು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಬೆರೆಸಿ. ಇಂಡಾಫ್ ಎಂಬ ಹೆಸರಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಎಂಎಲ್ 365 ತಳಿಯ ಜೀನೋಮ್ ಕರಡನ್ನು ಪ್ರಕಟಿಸಿದಾಗ ಅದು ರಾಗಿಯ ಮೊದಲ ಓದಾಗಿತ್ತು. ವರ್ಣತಂತುಗಳ ಮಟ್ಟದ ಪೂರ್ಣತರ ಓದು 2023ರಲ್ಲಿ ಬಂತು, ಅದಕ್ಕೆ ಆಧಾರವಾದದ್ದು ಆಫ್ರಿಕದ ತಳಿ. ರಾಗಿಯ ಜೀವಕೋಶದಲ್ಲಿ ಎರಡು ಪೂರ್ವಜ ಹುಲ್ಲುಗಳ ಜೀನೋಮ್‌ಗಳು ಒಟ್ಟಿಗೆ ಸೇರಿವೆ. ಒಂದರ ಸಂಬಂಧಿ ಇಂದಿಗೂ ಕಳೆಯಾಗಿ ಬೆಳೆಯುತ್ತಿದೆ, ಇನ್ನೊಂದರ ಮೂಲ ಸಸ್ಯ ಪತ್ತೆಯಾಗಿಲ್ಲ. ಒಡಿಶಾದ ಭತ್ತ ಹೊರಗೆ ಹೋದದ್ದನ್ನು ಆಕ್ಷೇಪಿಸುವವರು ಆಫ್ರಿಕದ ರಾಗಿ ಒಳಗೆ ಬಂದದ್ದನ್ನೂ ನೆನೆಯಬೇಕು. ಬೀಜಗಳು ಗಡಿ ದಾಟಿಯೇ ಬಾಳಿವೆ. ತಕರಾರು ದಾಟುವುದರ ಬಗ್ಗೆಯಲ್ಲ, ದಾಟಿದ ಮೇಲೆ ಯಾರು ಬೀಗ ಹಾಕುತ್ತಾರೆ ಎಂಬುದರ ಬಗ್ಗೆ.

ಬೀಗದ ಪ್ರಶ್ನೆ ಕಾಲ್ಪನಿಕವಲ್ಲ. ನಮ್ಮ ಪೇಟೆಂಟ್ ಕಾಯ್ದೆಯ ಮೂರನೆಯ ಕಲಮು ಸಸ್ಯಕ್ಕೂ ಬೀಜಕ್ಕೂ ಪೇಟೆಂಟ್ ನಿರಾಕರಿಸುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಬೀಜ ಉಳಿಸಿಕೊಳ್ಳುವ, ಹಂಚುವ, ಬ್ರಾಂಡ್ ಹಾಕದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ನಾಟಿ ತಳಿಯಿಂದ ಹೊಸ ತಳಿ ಹುಟ್ಟಿದರೆ ಅದನ್ನು ಕಾಪಾಡಿಕೊಂಡು ಬಂದ ಸಮುದಾಯಕ್ಕೆ ಲಾಭದ ಪಾಲು ಕೇಳುವ ಅವಕಾಶವನ್ನೂ ಇಟ್ಟಿದೆ. ಜಗತ್ತಿನಲ್ಲಿ ಅಪರೂಪವಾದ ಒಳ್ಳೆಯ ಕಾನೂನಿದು. ಆದರೆ ಕ್ರಿಸ್ಪರ್ ಕತ್ತರಿಯ ಮೇಲೆ ವಿದೇಶಿ ಸಂಸ್ಥೆಗಳ ಪೇಟೆಂಟ್‌ಗಳಿವೆ. ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟ್ ಮತ್ತು ಬೀಜ ಕಂಪನಿ ಕೋರ್ಟೆವಾ ಕೃಷಿ ಬಳಕೆಯ ಪರವಾನಗಿಯನ್ನು ಜಂಟಿಯಾಗಿ ನಿರ್ವಹಿಸುತ್ತಿವೆ. ಸಾರ್ವಜನಿಕ ಹಣದಿಂದ ರೂಪಿಸಿದ ತಳಿ ರೈತನ ಕೈಸೇರುವಾಗ ಈ ಪರವಾನಗಿಯ ಷರತ್ತುಗಳು ಏನಿರುತ್ತವೆ, ಬೀಜ ಉಳಿಸಿಕೊಳ್ಳುವ ಹಕ್ಕಿಗೆ ಅದರಿಂದ ಧಕ್ಕೆ ಬರುತ್ತದೆಯೇ ಎಂಬುದನ್ನು ತಳಿ ಘೋಷಿಸುವ ಮೊದಲೇ ಜನರ ಮುಂದೆ ಇಡಬೇಕಿತ್ತು.

ಇನ್ನೊಂದು ಸೂಕ್ಷ್ಮವಿದೆ. ಜೀನೋಮ್ ಒಮ್ಮೆ ಗಣಕಕ್ಕೆ ಏರಿದರೆ ಬೀಜವೇ ಬೇಕಾಗದು. ಅಕ್ಷರಗಳ ಕಡತ ಸಾಕು, ಅದನ್ನು ನೋಡಿಕೊಂಡು ಬೇರೆ ದೇಶದಲ್ಲಿ ಬೇರೆ ತಳಿಯನ್ನು ತಿದ್ದಬಹುದು. ಬೀಜದ ಸಾಗಣೆಯನ್ನು ಲೆಕ್ಕವಿಡುವ ಕಾನೂನುಗಳ ಕಣ್ಣಿಗೆ ಇದು ಬೀಳುವುದಿಲ್ಲ. ಕೊಲಂಬಿಯಾದ ಕಾಲಿಯಲ್ಲಿ 2024ರಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನವು ಇದಕ್ಕೆಂದೇ ಒಂದು ನಿಧಿಗೆ ಒಪ್ಪಿತು. ಇಂತಹ ಮಾಹಿತಿಯಿಂದ ಲಾಭ ಪಡೆಯುವ ದೊಡ್ಡ ಕಂಪನಿಗಳು ಲಾಭದ ಶೇ 1ರಷ್ಟನ್ನು ಅಥವಾ ವಹಿವಾಟಿನ ಶೇ 0.1ರಷ್ಟನ್ನು ಕೊಡಬೇಕು, ಅದರಲ್ಲಿ ಕನಿಷ್ಠ ಅರ್ಧ ಮೂಲನಿವಾಸಿ ಹಾಗೂ ಸ್ಥಳೀಯ ಸಮುದಾಯಗಳಿಗೆ ಹೋಗಬೇಕು ಎಂಬುದು ಆಶಯ. ಆಶಯ ಎನ್ನಲು ಕಾರಣ, ಕೊಡುವುದು ಕಡ್ಡಾಯವಲ್ಲ. ಕಡ್ಡಾಯವಲ್ಲದ ತೆರಿಗೆಯನ್ನು ಯಾರು ಎಷ್ಟು ಕಟ್ಟುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಹಾಗಾದರೆ ಹೊಸ ತಳಿಗಳನ್ನು ತಿರಸ್ಕರಿಸಬೇಕೇ? ಈ ಲೇಖಕನ ಅಭಿಪ್ರಾಯ ಅದಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಗಿ ಬಂದ ನಾಡಿನಲ್ಲಿ, ಕಡಿಮೆ ನೀರಿನಲ್ಲಿ ಬಾಳುವ ಭತ್ತವನ್ನು ಪರೀಕ್ಷಿಸದೆಯೇ ಬೇಡವೆನ್ನುವುದು ವಿವೇಕವಲ್ಲ. ಆದರೆ ಪರೀಕ್ಷೆ ನಿಜವಾದದ್ದಾಗಿರಬೇಕು. ಪೂಸಾ ತಳಿಯ ಇಳುವರಿಯ ಘೋಷಣೆಯನ್ನು ಕುಲಾಂತರಿ ವಿರೋಧಿ ಒಕ್ಕೂಟವು 2025ರ ಅಕ್ಟೋಬರ್‌ನಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸ್ವಂತ ವರದಿಗಳ ಅಂಕಿಗಳನ್ನೇ ಮುಂದಿಟ್ಟು ಪ್ರಶ್ನಿಸಿತು. ಪರಿಷತ್ತು ಅದನ್ನು ತಳ್ಳಿಹಾಕಿತು. ಇಬ್ಬರಲ್ಲಿ ಯಾರು ಸರಿ ಎಂಬುದು ಪತ್ರಿಕಾ ಹೇಳಿಕೆಗಳಿಂದ ತೀರ್ಮಾನವಾಗದು, ಪ್ರತಿ ಕೇಂದ್ರದ ಪ್ರತಿ ವರ್ಷದ ಕಚ್ಚಾ ಅಂಕಿಗಳು ಹೊರಬಂದರೆ ತೀರ್ಮಾನವಾಗುತ್ತದೆ.

ನಮ್ಮ ರಾಜ್ಯ ಸರ್ಕಾರಕ್ಕೂ ಕೃಷಿ ವಿಶ್ವವಿದ್ಯಾಲಯಗಳಿಗೂ ಇಲ್ಲೊಂದು ಕೆಲಸವಿದೆ. ಕರಾವಳಿಯ ಉಪ್ಪು ಮಣ್ಣಿಗೆಂದು ಪೂಸಾ ತಳಿಯನ್ನು ಶಿಫಾರಸು ಮಾಡುವ ಮುನ್ನ ಅದನ್ನು ಮಾಣಿಕಟ್ಟಾದ ಗಜನಿಯಲ್ಲಿ ಬಿತ್ತಬೇಕು, ಮಗ್ಗುಲ ಗದ್ದೆಯಲ್ಲಿ ಹೋಲಿಕೆಗಾಗಿ ಕಗ್ಗವನ್ನೇ ಬಿತ್ತಬೇಕು. ಒಂದು ವರ್ಷವಲ್ಲ, ನೆರೆ ಬಂದ ವರ್ಷವೂ ಬಾರದ ವರ್ಷವೂ ಲೆಕ್ಕಕ್ಕೆ ಸಿಗುವಂತೆ ಮೂರು ನಾಲ್ಕು ಮುಂಗಾರು. ಆ ಹೋಲಿಕೆಗಾಗಿ ಕಗ್ಗ ಬೆಳೆದುಕೊಡುವ ರೈತರಿಗೆ ಕೂಲಿಯನ್ನೂ ಒಡ್ಡು ದುರಸ್ತಿಯ ಖರ್ಚನ್ನೂ ಸಂಶೋಧನೆಯ ಬಾಬತ್ತಿನಿಂದಲೇ ಕೊಡಬೇಕು.